ಕೂಲಿಯ ಹಾಜರಿ ಪಟ್ಟಿಯಲ್ಲಿ ಚೌಕವನ್ನೊತ್ತಿ ಮ್ಯಾಕ್ರೋ ನಡೆಸುವ ಕ್ರಮ

ಬೇಸಾಯದ ಖರ್ಚಿನಲ್ಲಿ ಆಳುಕೂಲಿಯ ಭಾಗವು ದೊಡ್ಡದೆಂಬುದನ್ನು ಭೂಮಾಲೀಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ 20 ಮಂದಿ ಆಳುಗಳಿಗೆ 31 ದಿನಗಳ ಹಾಜರಿಯನ್ನು ಬರೆಯಬೇಕಾದರೆ ಪಟ್ಟಿಯಲ್ಲಿ 620 ಚೌಕಗಳಾಗುವುವು. ಬಟವಾಡೆಯ ದಿನ ಆಳು ಒಂದು ಲೆಕ್ಕವನ್ನು ಹೇಳಿ, ಯಜಮಾನನ ಪುಸ್ತಕವು ಮತ್ತೊಂದನ್ನು ಹೇಳಿದರೆ ಮನಸ್ತಾಪವುಂಟಾಗಿ, ವ್ಯಾಜ್ಯವು ಗ್ರಾಮಮುಖ್ಯರ ಮುಂದಕ್ಕೆ ಬರುವುದು. ಈಗ ಅನೇಕರು ಈ ಲೆಕ್ಕವನ್ನು ಗಣಕಯಂತ್ರದ ಎಕ್ಸೆಲ್ ಹಾಳೆಯಲ್ಲಿ ಇಡುತ್ತಿರುವರು. ಅದರಲ್ಲಿ ಒಂದು ಚೌಕವನ್ನು ಒತ್ತಿದ ಮಾತ್ರಕ್ಕೆ ಹಾಜರಿಯು ತಾನೇ ತಾನಾಗಿ ಬರೆಯಲ್ಪಡುವಂತೆ ಮಾಡುವ ಕ್ರಮವನ್ನೂ, ಅದರಲ್ಲಿರುವ ಅಪಾಯವನ್ನು ತಪ್ಪಿಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

1. ಮ್ಯಾಕ್ರೋ ಎಂದರೇನು?

ಒಂದರ ಹಿಂದೊಂದಾಗಿ ನಡೆಯತಕ್ಕ ಕೆಲಸಗಳನ್ನು ಮೊದಲೇ ಬರೆದಿಟ್ಟು, ಬೇಕಾದಾಗ ಒಂದೇ ಸಂಜ್ಞೆಯಿಂದ ನಡೆಯಿಸುವ ಆಜ್ಞೆಗಳ ಸಮೂಹಕ್ಕೆ ಮ್ಯಾಕ್ರೋ ಎಂದು ಹೆಸರು. ಎಕ್ಸೆಲ್‌ನಲ್ಲಿ ಇವುಗಳನ್ನು ಬರೆಯುವ ವಿಬಿಎ ಎಂಬ ಭಾಷೆಯು 1993ರಿಂದ ಬಳಕೆಗೆ ಬಂದಿದೆ. ಹಾಳೆಯ ಮೇಲೆ ನಡೆಯುವ ಕೆಲವು ಘಟನೆಗಳನ್ನು ಯಂತ್ರವು ಗಮನಿಸುತ್ತಿರುವುದು. ಚೌಕವನ್ನು ಆರಿಸುವುದು ಒಂದು ಘಟನೆ, ಚೌಕವನ್ನು ಎರಡು ಬಾರಿ ಬೇಗಬೇಗನೆ ಒತ್ತುವುದು ಮತ್ತೊಂದು ಘಟನೆ. ಯಾವ ಘಟನೆಗೆ ಮ್ಯಾಕ್ರೋವನ್ನು ಜೋಡಿಸುವೆವೋ ಆ ಘಟನೆಯು ನಡೆದೊಡನೆ ಮ್ಯಾಕ್ರೋವೂ ನಡೆಯುವುದು.

2. ಪಟ್ಟಿಯ ರಚನೆ

ಮೊದಲನೆಯ ಸಾಲಿನಲ್ಲಿ ಶಿರೋನಾಮೆಗಳನ್ನು ಬರೆಯತಕ್ಕದ್ದು. ಎ ಅಂಕಣದಲ್ಲಿ 2ರಿಂದ 21ನೆಯ ಸಾಲಿನವರೆಗೆ ಆಳುಗಳ ಹೆಸರುಗಳು ಬರುವುವು. ಬಿ ಅಂಕಣದಿಂದ ಎಎಫ್ ಅಂಕಣದವರೆಗಿನ 31 ಅಂಕಣಗಳು ತಿಂಗಳ ದಿನಗಳಿಗೆ ಮೀಸಲು. ಎಜಿ ಅಂಕಣದಲ್ಲಿ ದಿನಗಳ ಮೊತ್ತ, ಎಎಚ್ ಅಂಕಣದಲ್ಲಿ ದಿನಕೂಲಿಯ ದರ, ಎಐ ಅಂಕಣದಲ್ಲಿ ಇವೆರಡರ ಗುಣಲಬ್ಧವಾದ ಸಲ್ಲತಕ್ಕ ಹಣ. ಪೂರ್ತಿ ದಿನಕ್ಕೆ 1 ಎಂದೂ, ಅರೆದಿನಕ್ಕೆ 0.5 ಎಂದೂ ಬರೆದು, ಗೈರುಹಾಜರಿಗೆ ಚೌಕವನ್ನು ಬರಿದಾಗಿ ಬಿಡತಕ್ಕದ್ದು. ಅಕ್ಷರಗಳ ಬದಲು ಅಂಕಿಗಳನ್ನೇ ಬಳಸುವುದರಿಂದ ಮೊತ್ತವನ್ನು ಯಂತ್ರವೇ ಕೂಡಿಕೊಳ್ಳುವುದು.

3. ಒಂದು ಒತ್ತೋ, ಎರಡು ಒತ್ತೋ?

ಒಂದೇ ಒತ್ತಿಗೆ ಕೆಲಸವಾಗುವುದು ಅನುಕೂಲವೆಂದು ಮೊದಲು ತೋರುವುದು ಸಹಜ. ಆದರೆ ಒಂದು ಒತ್ತಿಗೆ ಸಂಬಂಧಪಟ್ಟ ಘಟನೆಯು ನಿಜವಾಗಿ ಒತ್ತಿನದಲ್ಲ. ಆರಿಸಿದ ಚೌಕವು ಬದಲಾಯಿತೆಂಬುದರದು. ಇದರ ಹೆಸರು ಸೆಲೆಕ್ಷನ್‌ಚೇಂಜ್. ಬಾಣದ ಕೀಲಿಗಳಿಂದ ಚೌಕದಿಂದ ಚೌಕಕ್ಕೆ ಸಾಗಿದರೂ ಇದು ನಡೆಯುವುದು. ಹೀಗಿರುವಲ್ಲಿ ಪಟ್ಟಿಯನ್ನು ನೋಡುವುದಕ್ಕೆಂದು ಅತ್ತಿತ್ತ ಸಾಗಿದವನು, ತನಗರಿವಿಲ್ಲದೆ ಹತ್ತಾರು ಹಾಜರಿಗಳನ್ನು ಬರೆದುಬಿಡುವನು. ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಆಗಲೇ ಆರಿಸಿರುವ ಚೌಕವನ್ನೇ ಮರಳಿ ಒತ್ತಿದರೆ ಆಯ್ಕೆಯು ಬದಲಾಗದ ಕಾರಣ ಮ್ಯಾಕ್ರೋ ನಡೆಯುವುದೇ ಇಲ್ಲ.

ಆದುದರಿಂದ ಚೌಕದ ವಿವರವನ್ನು ತೋರಿಸುವುದೇ ಮೊದಲಾದ ನಿರುಪದ್ರವ ಕೆಲಸಗಳಿಗೆ ಮಾತ್ರ ಇದನ್ನು ಬಳಸಬಹುದು. ಹಣಕ್ಕೆ ಸಂಬಂಧಪಟ್ಟ ಬರವಣಿಗೆಗೆ ಎರಡು ಒತ್ತಿನ ಘಟನೆಯೇ ಯೋಗ್ಯವಾದುದು. ಅದರ ಹೆಸರು ಬಿಫೋರ್‌ಡಬಲ್‌ಕ್ಲಿಕ್. ಎರಡು ಬಾರಿ ಒತ್ತುವುದಕ್ಕೆ ಉದ್ದೇಶಬೇಕು. ಕೀಲಿಗಳ ಸಂಚಾರದಿಂದ ಅದು ಆಗುವಂತಿಲ್ಲ.

4. ಆಜ್ಞೆಗಳನ್ನು ಬರೆಯುವ ರೀತಿ

ಹಾಳೆಯ ಕೆಳಗಡೆ ಅದರ ಹೆಸರಿರುವ ಪಟ್ಟಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ವ್ಯೂ ಕೋಡ್ ಎಂಬುದನ್ನು ಆರಿಸಿದರೆ ಆಜ್ಞೆಗಳನ್ನು ಬರೆಯುವ ಕಿಟಕಿಯು ತೆರೆಯುವುದು. ಅದರ ಮೇಲ್ಭಾಗದಲ್ಲಿ ಎರಡು ಆಯ್ಕೆಯ ಪೆಟ್ಟಿಗೆಗಳಿವೆ. ಎಡಗಡೆಯದರಲ್ಲಿ ವರ್ಕ್‌ಷೀಟ್ ಎಂಬುದನ್ನೂ, ಬಲಗಡೆಯದರಲ್ಲಿ ಬಿಫೋರ್‌ಡಬಲ್‌ಕ್ಲಿಕ್ ಎಂಬುದನ್ನೂ ಆರಿಸಿದರೆ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಯಂತ್ರವೇ ಬರೆದುಕೊಡುವುದು. ಈ ನಡುವೆ ಸೆಲೆಕ್ಷನ್‌ಚೇಂಜ್ ಎಂಬ ಹೆಸರಿನ ಸಾಲುಗಳು ಬಯಸದೆಯೇ ಬಂದಿದ್ದರೆ ಅವನ್ನು ಅಳಿಸಬಹುದು. ಆ ಬಳಿಕ ನಡುವಣ ಆಜ್ಞೆಗಳನ್ನು ಈ ಅನುಕ್ರಮದಲ್ಲಿ ಬರೆಯತಕ್ಕದ್ದು:

(ಅ) ಎಲ್ಲೆಯ ಪರೀಕ್ಷೆ. ಒತ್ತಿದ ಚೌಕವು ಟಾರ್ಗೆಟ್ ಎಂಬ ಹೆಸರಿನಿಂದ ಮ್ಯಾಕ್ರೋವಿಗೆ ತಿಳಿಯುವುದು. ಅದು ಬಿ2ರಿಂದ ಎಎಫ್21ರವರೆಗಿನ ಎಲ್ಲೆಯೊಳಗೆ ಇದೆಯೇ ಎಂಬುದನ್ನು ಇಂಟರ್‌ಸೆಕ್ಟ್ ಎಂಬ ಆಜ್ಞೆಯಿಂದ ನೋಡಬೇಕು. ಇಲ್ಲದಿದ್ದರೆ ಎಕ್ಸಿಟ್ ಸಬ್ ಎಂದು ಬರೆದು ಏನನ್ನೂ ಮಾಡದೆ ಹೊರಬರಬೇಕು.

(ಆ) ಕ್ಯಾನ್ಸಲ್ ಎಂಬುದನ್ನು ಟ್ರೂ ಎಂದು ಮಾಡಬೇಕು. ಎರಡು ಬಾರಿ ಒತ್ತಿದಾಗ ಚೌಕವು ಬರವಣಿಗೆಗೆ ತೆರೆದುಕೊಳ್ಳುವುದು ಎಕ್ಸೆಲ್‌ನ ವಾಡಿಕೆ. ಅದು ಇದರಿಂದ ತಡೆಯಲ್ಪಡುವುದು.

(ಇ) ಹಳೆಯ ಬೆಲೆಯನ್ನು ಬೇರೊಂದು ಹೆಸರಿನಲ್ಲಿ ಜ್ಞಾಪಕಕ್ಕೆ ಇಟ್ಟುಕೊಳ್ಳಬೇಕು.

(ಈ) ಚೌಕವು ಬರಿದಾಗಿದ್ದರೆ 1 ಎಂದೂ, 1 ಇದ್ದರೆ 0.5 ಎಂದೂ ಬರೆದು, 0.5 ಇದ್ದರೆ ಚೌಕವನ್ನು ಬರಿದು ಮಾಡಬೇಕು. ಬೇರೆ ಏನಾದರೂ ಇದ್ದ ಪಕ್ಷದಲ್ಲಿ ಅದನ್ನು ಮುಟ್ಟಕೂಡದು.

5. ತಪ್ಪೊತ್ತಿನ ನಷ್ಟವೂ ಅದರ ನಿವಾರಣೆಯೂ

ಇಷ್ಟಕ್ಕೇ ತೃಪ್ತರಾಗುವುದು ಅನರ್ಥಕ್ಕೆ ಕಾರಣ. ಉದಾಹರಣೆಗೆ, ಒಬ್ಬ ಆಳು 22 ಪೂರ್ತಿ ದಿನಗಳೂ 3 ಅರೆದಿನಗಳೂ ದುಡಿದಿರುವನೆಂದು ಭಾವಿಸೋಣ. ಒಟ್ಟು 23.5 ದಿನಗಳು, ದಿನಕ್ಕೆ 400 ರೂಪಾಯಿಗಳಂತೆ ಅವನಿಗೆ 9,400 ರೂಪಾಯಿಗಳು ಸಲ್ಲಬೇಕು. ಯಾರೋ ಕೈತಪ್ಪಿ ಅವನ ಒಂದು ಪೂರ್ತಿ ದಿನದ ಚೌಕವನ್ನು ಎರಡು ಬಾರಿ ಒತ್ತಿದರೆ ಆ 1 ಎಂಬುದು 0.5 ಆಗಿ, ಮೊತ್ತವು 9,200ಕ್ಕೆ ಇಳಿಯುವುದು. 620 ಚೌಕಗಳ ನಡುವೆ ಈ ಬದಲಾವಣೆಯನ್ನು ಕಣ್ಣು ಹಿಡಿಯಲಾರದು. ದುಡಿದವನು 200 ರೂಪಾಯಿಗಳನ್ನು ಕಳೆದುಕೊಳ್ಳುವನು. ಯಜಮಾನನು ಮೋಸಗಾರನೆಂಬ ಅಪವಾದಕ್ಕೆ ಗುರಿಯಾಗುವನು.

ಕೈಯಿಂದ ಬರೆದ ತಪ್ಪನ್ನು ಅನ್‌ಡೂ ಎಂಬ ಆಜ್ಞೆಯಿಂದ ಹಿಂದಕ್ಕೆ ತೆಗೆಯಬಹುದಷ್ಟೆ. ಆದರೆ ಮ್ಯಾಕ್ರೋ ಹಾಳೆಯನ್ನು ಬದಲಾಯಿಸಿದೊಡನೆ ಆ ಅವಕಾಶವು ಅಳಿಸಿಹೋಗುವುದು; ಮ್ಯಾಕ್ರೋವಿಗೆ ಮುಂಚೆ ಕೈಯಿಂದ ಬರೆದವುಗಳನ್ನೂ ಹಿಂದಕ್ಕೆ ತೆಗೆಯಲು ಬಾರದು. ಈ ವಿಷಯವನ್ನು ಮುಖ್ಯವಾಗಿ ಲಕ್ಷ್ಯದಲ್ಲಿಡಬೇಕು. ಇದಕ್ಕೆ ಮೂರು ಉಪಾಯಗಳುಂಟು.

ಮೊದಲನೆಯದು, ಪ್ರಶ್ನೆ. ಬರಿದಾದ ಚೌಕದಲ್ಲಿ ಹೊಸದಾಗಿ ಬರೆಯುವಾಗ ಕೇಳಬೇಕಾದುದಿಲ್ಲ. ಆದರೆ ಬರೆದುದನ್ನು ಬದಲಾಯಿಸುವ ಮುನ್ನ, ಎಂಎಸ್‌ಜಿಬಾಕ್ಸ್ ಎಂಬ ಆಜ್ಞೆಯಿಂದ ಆಳಿನ ಹೆಸರನ್ನೂ ದಿನವನ್ನೂ ತೋರಿಸಿ “ಬದಲಾಯಿಸಬೇಕೆ?” ಎಂದು ಕೇಳಿಸತಕ್ಕದ್ದು. ನೋ ಎಂಬ ಉತ್ತರವನ್ನೇ ಪೂರ್ವನಿಯತವಾಗಿ ಇಟ್ಟರೆ, ಅವಸರದಲ್ಲಿ ಎಂಟರ್ ಕೀಲಿಯನ್ನು ಒತ್ತಿದರೂ ಹಾನಿಯಿಲ್ಲ.

ಎರಡನೆಯದು, ದಾಖಲೆ. ಅದೇ ಪುಸ್ತಕದ ಎರಡನೆಯ ಹಾಳೆಯಲ್ಲಿ, ಬರೆದಿರುವ ಕೊನೆಯ ಸಾಲಿನ ಕೆಳಗೆ, ಆಳಿನ ಹೆಸರು, ದಿನ, ಹಳೆಯ ಬೆಲೆ, ಹೊಸ ಬೆಲೆ, ಬದಲಾಯಿಸಿದ ವೇಳೆ ಇವೈದನ್ನೂ ಮ್ಯಾಕ್ರೋವೇ ಬರೆಯುವಂತೆ ಏರ್ಪಡಿಸಬೇಕು. ಆಗ ಯಾವ ತಪ್ಪನ್ನಾದರೂ ಹುಡುಕಿ ಸರಿಪಡಿಸಬಹುದು.

ಮೂರನೆಯದು, ಬೀಗ. ಹಾಜರಿಯ 620 ಚೌಕಗಳಿಗೆ ಮಾತ್ರ ಲಾಕ್ಡ್ ಎಂಬ ಗುರುತನ್ನು ತೆಗೆದು, ಆಮೇಲೆ ಹಾಳೆಗೆ ಪ್ರೊಟೆಕ್ಟ್ ಷೀಟ್ ಎಂಬ ರಕ್ಷಣೆಯನ್ನು ಕೊಡಬೇಕು. ಹೆಸರು, ದರ, ಮೊತ್ತಗಳ ಚೌಕಗಳು ಇದರಿಂದ ಕೈತಪ್ಪಿನಿಂದ ಕೆಡದೆ ಉಳಿಯುವುವು.

6. ಪರೀಕ್ಷೆ

ನಿಜವಾದ ಲೆಕ್ಕವನ್ನು ಬರೆಯುವ ಮುನ್ನ ಪ್ರತಿಯೊಂದರಲ್ಲಿ ಪರೀಕ್ಷಿಸತಕ್ಕದ್ದು. ಬರಿದಾದ ಚೌಕದಲ್ಲಿ 1 ಬರುವುದೇ? ಎರಡನೆಯ ಬಾರಿಗೆ ಪ್ರಶ್ನೆ ಬರುವುದೇ? ಬೇಡವೆಂದರೆ ಹಳೆಯ ಅಂಕಿ ಉಳಿಯುವುದೇ? ಎಲ್ಲೆಯ ಹೊರಗಿನ ಚೌಕವು ಬದಲಾಗದೆ ಇರುವುದೇ? ದಾಖಲೆಯ ಹಾಳೆಯಲ್ಲಿ ಸಾಲುಗಳು ಒಂದರ ಕೆಳಗೊಂದು ಬರುತ್ತಿವೆಯೇ? ಇವೆಲ್ಲವೂ ಸರಿಯಾಗಿದ್ದರೆ ಮಾತ್ರ ಬಳಕೆಗೆ ತರಬೇಕು.

7. ಇತರ ಎಚ್ಚರಿಕೆಗಳು

ಪುಸ್ತಕವನ್ನು ಎಕ್ಸೆಲ್ ಮ್ಯಾಕ್ರೋ-ಎನೇಬಲ್ಡ್ ವರ್ಕ್‌ಬುಕ್ ಎಂಬ ಬಗೆಯಲ್ಲಿ ಉಳಿಸಬೇಕು. ಸಾಧಾರಣ ಬಗೆಯಲ್ಲಿ ಉಳಿಸಿದರೆ ಆಜ್ಞೆಗಳು ಬಿಟ್ಟುಹೋಗುವುವು. ಇಂತಹ ಮ್ಯಾಕ್ರೋಗಳು ಮೊಬೈಲ್ ಫೋನಿನ ಎಕ್ಸೆಲ್‌ನಲ್ಲಿ ನಡೆಯಲಾರವು, ಗಣಕಯಂತ್ರವೇ ಬೇಕು.

ಅಪರಿಚಿತರು ಕಳುಹಿಸಿದ ಮ್ಯಾಕ್ರೋ ಪುಸ್ತಕಗಳನ್ನು ನಂಬಕೂಡದು. ಒತ್ತಿದೊಡನೆ ಹಾಜರಿಯನ್ನು ಬರೆಯಬಲ್ಲ ಆಜ್ಞೆಯು, ಒತ್ತಿದೊಡನೆ ಕಡತಗಳನ್ನು ಅಳಿಸಲೂ ಬಲ್ಲುದು. 1999ರ ಮಾರ್ಚ್ ತಿಂಗಳಲ್ಲಿ ಮೆಲಿಸ್ಸಾ ಎಂಬ ಉಪದ್ರವವು ಪತ್ರಗಳೊಳಗಿನ ಮ್ಯಾಕ್ರೋಗಳ ಮೂಲಕವೇ ಲೋಕದಲ್ಲೆಲ್ಲಾ ಹರಡಿತು. 2022ರಿಂದ, ಅಂತರಜಾಲದಿಂದ ಬಂದ ಪುಸ್ತಕಗಳ ಮ್ಯಾಕ್ರೋಗಳನ್ನು ಎಕ್ಸೆಲ್ ತಾನಾಗಿಯೇ ತಡೆಯುತ್ತಿರುವುದು. ಈ ತಡೆಯನ್ನು ಕಾರಣವಿಲ್ಲದೆ ತೆಗೆಯಬಾರದು.

ಕಡೆಯದಾಗಿ ಒಂದು ಮಾತು. ಯಂತ್ರವು ಒತ್ತಿದುದನ್ನು ಬರೆಯಬಲ್ಲುದೇ ಹೊರತು, ಹೊಲದಲ್ಲಿ ಯಾರು ದುಡಿದರೆಂಬುದನ್ನು ಅರಿಯದು. ಆದುದರಿಂದ ವಾರಕ್ಕೊಮ್ಮೆ ಪಟ್ಟಿಯನ್ನು ಮುದ್ರಿಸಿ, ಆಳುಗಳ ಸಮಕ್ಷಮದಲ್ಲಿ ಓದಿ ಹೇಳಿ, ಅವರ ರುಜುಗಳನ್ನೋ ಹೆಬ್ಬೆಟ್ಟಿನ ಗುರುತುಗಳನ್ನೋ ಪಡೆದು ಇಟ್ಟುಕೊಳ್ಳುವುದು ಉತ್ತಮ. ಗ್ರಾಮಮುಖ್ಯರು ತಮ್ಮ ಗ್ರಾಮಗಳಲ್ಲಿ ಈ ಪದ್ಧತಿಯನ್ನು ರೂಢಿಗೆ ತಂದರೆ ಬಟವಾಡೆಯ ದಿನದ ವ್ಯಾಜ್ಯಗಳು ಬಹುಮಟ್ಟಿಗೆ ಕಡಿಮೆಯಾಗುವುದರಲ್ಲಿ ಸಂದೇಹವಿಲ್ಲ.