ಮಕ್ಕಳ ಕೀಲುನೋವನ್ನು ಕಡೆಗಣಿಸದಿರಿ

ನಿಮ್ಮ ಮನೆಯಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಿದ್ದಾರೆಯೇ? ಮಗುವಿಗೆ ಗಂಟಲುನೋವು, ಜ್ವರ ಬಂದು ನಾಲ್ಕೈದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಮತ್ತೆ ಜ್ವರ. ಒಂದು ಮೊಣಕಾಲು ಊದಿಕೊಂಡು, ಮುಟ್ಟಿದರೆ ಅಳುವಷ್ಟು ನೋವು. ಎರಡು ದಿನಕ್ಕೆ ಅಲ್ಲಿ ಕಡಿಮೆಯಾಗಿ ಪಾದದ ಕೀಲಿಗೆ, ಅಲ್ಲಿಂದ ಮೊಣಕೈಗೆ ನೋವು ಹಾರುತ್ತದೆ. ಆಟದಲ್ಲಿ ಬಿದ್ದಿರಬೇಕೆಂದು ಎಣ್ಣೆ ಹಚ್ಚಿ ಶಾಖ ಕೊಡುತ್ತೇವೆ. ನೋವಿನ ಮಾತ್ರೆ ನುಂಗಿಸಿದರಂತೂ ಒಂದೆರಡು ದಿನದಲ್ಲೇ ಮಗು ಓಡಾಡತೊಡಗುತ್ತದೆ. ಕೀಲಿಗೆ ಯಾವ ಊನವೂ ಉಳಿಯದೆ ವಾಸಿಯಾಗುವುದೇ ಈ ಕಾಯಿಲೆಯ ಮೋಸ.

ಇದು ರುಮ್ಯಾಟಿಕ್ ಜ್ವರ ಇರಬಹುದು. ವಯಸ್ಸಾದವರ ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಗಂಟಲಿಗೆ ಸೇರಿದ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ವಿರುದ್ಧ ಹೊರಟ ದೇಹದ ರಕ್ಷಣಾ ಶಕ್ತಿ, ಗುರುತು ತಪ್ಪಿ ಸ್ವಂತ ಕೀಲು ಮತ್ತು ಹೃದಯದ ಮೇಲೆಯೇ ಬೀಳುತ್ತದೆ. ಕೀಲು ಸರಿಹೋಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಅನೇಕ ವೇಳೆ ಉಳಿದುಬಿಡುತ್ತದೆ. ಜ್ವರ ಮರುಕಳಿಸಿದಷ್ಟೂ ಕವಾಟ ದಪ್ಪವಾಗಿ, ಅಂಚುಗಳು ಅಂಟಿಕೊಂಡು ಕಿರಿದಾಗುತ್ತದೆ, ಇಲ್ಲವೇ ಸರಿಯಾಗಿ ಮುಚ್ಚದೆ ಸೋರುತ್ತದೆ. ಕೆಲವು ಮಕ್ಕಳಲ್ಲಿ ಕೀಲುನೋವೇ ಇರುವುದಿಲ್ಲ. ಕೈಕಾಲು ತಾವಾಗಿ ಎಳೆದಾಡುತ್ತವೆ, ಅಕ್ಷರ ಕೆಡುತ್ತದೆ, ಲೋಟ ಕೈಜಾರುತ್ತದೆ. ಅದನ್ನು ತುಂಟತನವೆಂದು ಗದರಿಸಬೇಡಿ.

ಶ್ರೀಮಂತ ದೇಶಗಳಲ್ಲಿ ಕವಾಟ ಹೀಗೆ ಕಿರಿದಾಗಲು ದಶಕಗಳೇ ಹಿಡಿಯುತ್ತವೆಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ನಮ್ಮಲ್ಲಿ ಹಾಗಲ್ಲ, ಇಪ್ಪತ್ತು ತುಂಬುವ ಮೊದಲೇ ಮೈಟ್ರಲ್ ಕವಾಟ ತೀರ ಕಿರಿದಾದ ಮಕ್ಕಳಿದ್ದಾರೆಂದು ಡಾ. ಸುಜಯ್ ರಾಯ್, ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನಮ್ಮ ಮಕ್ಕಳ ಕಾಯಿಲೆಯನ್ನು ನಮ್ಮ ಮಕ್ಕಳನ್ನು ನೋಡಿಯೇ ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಾಯಿಲೆ ಎಷ್ಟು ಗುಟ್ಟಾಗಿರುತ್ತದೆ ಎಂಬುದನ್ನು ಹರಿಯಾಣದ ಬಲ್ಲಭಗಢದ ಶಾಲಾಮಕ್ಕಳ ಅಧ್ಯಯನ ತೋರಿಸಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 6,270 ಮಕ್ಕಳನ್ನು ಪರೀಕ್ಷಿಸಲಾಗಿತ್ತು. ಸ್ಟೆತಾಸ್ಕೋಪ್ ಇಟ್ಟು ನೋಡಿದಾಗ ಸಾವಿರ ಮಕ್ಕಳಲ್ಲಿ ಒಬ್ಬರಲ್ಲಿಯೂ ಪೂರ್ತಿ ಸಿಗದ ರುಮ್ಯಾಟಿಕ್ ಹೃದ್ರೋಗ, ಎಕೋ ಯಂತ್ರದಲ್ಲಿ ನೋಡಿದಾಗ ಸಾವಿರಕ್ಕೆ 20 ಮಕ್ಕಳಲ್ಲಿ ಕಂಡಿತು. ಈ ಮಕ್ಕಳಲ್ಲಿ ಬಹುಪಾಲು ಎಲ್ಲರಂತೆ ಆಡಿಕೊಂಡಿದ್ದವರೇ.

ಹೀಗೆ ಗುಟ್ಟಾಗಿರುವ ರೋಗಕ್ಕೆ ಔಷಧ ಕೊಟ್ಟರೆ ಪ್ರಯೋಜನವುಂಟೇ? ಉಗಾಂಡ ದೇಶದಲ್ಲಿ 818 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರು; ಇನ್ನೊಂದಕ್ಕೆ ಕೊಡಲಿಲ್ಲ. ಎರಡು ವರ್ಷದ ನಂತರ ಮದ್ದು ಪಡೆದವರಲ್ಲಿ ರೋಗ ಮುಂದುವರಿದದ್ದು 3 ಮಕ್ಕಳಲ್ಲಿ, ಪಡೆಯದವರಲ್ಲಿ 33 ಮಕ್ಕಳಲ್ಲಿ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಮದ್ದಿಲ್ಲದೆಯೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಆ ಎರಡು ವರ್ಷದಲ್ಲಿ ರೋಗ ಹೆಚ್ಚಲಿಲ್ಲ. ಎಕೋದಲ್ಲಿ ಸಣ್ಣ ದೋಷ ಕಂಡಿತೆಂದು ಮನೆಯವರೆಲ್ಲ ಎದೆಗುಂದಬೇಕಾಗಿಲ್ಲ.

ರುಮ್ಯಾಟಿಕ್ ಜ್ವರ ಒಮ್ಮೆ ಬಂದಿದೆಯೆಂದು ವೈದ್ಯರು ಖಚಿತಪಡಿಸಿದ ಮಗುವಿನ ಮಾತು ಬೇರೆ. ಅಂಥ ಮಗುವಿಗೆ ನಮ್ಮ ದೇಶದಲ್ಲಿ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಕೊಡುತ್ತಾರೆ. ಹೃದಯಕ್ಕೆ ತಗುಲಿರದಿದ್ದರೂ ಕನಿಷ್ಠ ಐದು ವರ್ಷ, ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಹೆಚ್ಚೋ ಅಷ್ಟು. ಕವಾಟ ಕೆಟ್ಟಿದ್ದರೆ ಇನ್ನೂ ದೀರ್ಘಕಾಲ, ಕೆಲವರಿಗೆ ಜೀವನಪೂರ್ತಿ.

ತೊಡಕಿರುವುದು ಇಲ್ಲಿಯೇ. ಕೋಲಾರ ದಾಟಿ ಮುಳಬಾಗಿಲಿಗೆ ಹೋಗುವ ಹಾದಿಯ ದೇವರಾಯಸಮುದ್ರದಂಥ ಊರಿನ ತಾಯಿಗೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಟೊಮೆಟೊ ಬಿಡಿಸುವ ದಿನಗಳಲ್ಲಂತೂ ಕೇಳುವುದೇ ಬೇಡ. ಮಗು ಗಟ್ಟಿಮುಟ್ಟಾಗಿ ಕಾಣುತ್ತದೆ, ಸೂಜಿಯ ನೋವೂ ಜೋರು. ಈ ಸಲ ಬಿಡೋಣ ಎನ್ನಿಸುವುದು ಸಹಜ. ಆದರೆ ಮದ್ದಿನ ಅಂಶ ರಕ್ತದಲ್ಲಿ ಮೂರು ವಾರದ ಆಚೆಗೆ ಇಳಿಯುತ್ತ ಹೋಗುತ್ತದೆ. ಬಿಟ್ಟ ಆ ದಿನಗಳಲ್ಲೇ ಗಂಟಲುನೋವು ಬಂದರೆ ಜ್ವರ ಮರುಕಳಿಸಬಹುದು. ಒಮ್ಮೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ ತಜ್ಞರಿಗೆ ತೋರಿಸಿ, ಚೀಟಿ ಬರೆಸಿಕೊಳ್ಳಿ. ಮುಂದಿನ ಚುಚ್ಚುಮದ್ದುಗಳನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಬಹುದೇ ಎಂದು ಅವರನ್ನೇ ಕೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಡಿ.

ಪೆನಿಸಿಲಿನ್ ಕೆಲವರಿಗೆ ಒಗ್ಗದು, ಅಪರೂಪಕ್ಕೆ ಜೀವಕ್ಕೇ ಅಪಾಯ ಎಂಬ ಭಯವಿದೆ. ಭಯ ಸುಳ್ಳಲ್ಲ. ಆದುದರಿಂದಲೇ ತುರ್ತು ಔಷಧವಿರುವ ಆಸ್ಪತ್ರೆಯಲ್ಲಿ ಮಾತ್ರ ಹಾಕಿಸಿ, ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಒಗ್ಗದವರಿಗೆ ಬೇರೆ ಮಾತ್ರೆಗಳಿವೆ.

ಇನ್ನೂ ಜ್ವರ ಬಾರದ ಮಕ್ಕಳಿಗೆ ಗಂಟಲಿನಲ್ಲೇ ತಡೆ ಹಾಕಬಹುದು. ಸ್ಟ್ರೆಪ್ಟೊಕಾಕಸ್ ಗಂಟಲುನೋವಿಗೆ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೆ ಈ ಜ್ವರ ಬರುವುದನ್ನು ಬಹುಮಟ್ಟಿಗೆ ತಪ್ಪಿಸಬಹುದೆಂದು ಅಮೆರಿಕದ ಸೈನಿಕರ ಮೇಲೆ ನಡೆದ ಅಧ್ಯಯನಗಳಿಂದ ತಿಳಿದುಬಂತು. ನೆಗಡಿ ಕೆಮ್ಮಿನೊಡನೆ ಬರುವ ಗಂಟಲುನೋವು ಸಾಮಾನ್ಯವಾಗಿ ಇದಲ್ಲ. ಕೆಮ್ಮಿಲ್ಲದೆ ಜ್ವರ, ನುಂಗಲಾಗದ ನೋವು, ಕತ್ತಿನಲ್ಲಿ ಗಂಟು ಇದ್ದರೆ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಹತ್ತು ದಿನವೆಂದರೆ ಹತ್ತು ದಿನ ಕೊಡಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹೃದಯ ಪರೀಕ್ಷೆಗೆ ಚೀಟಿ ಕೊಟ್ಟರೆ ಪೆಟ್ಟಿಗೆಯಲ್ಲಿಡಬೇಡಿ.

ಕವಾಟ ಕಿರಿದಾಗಿಯೇ ಬಿಟ್ಟಿದ್ದರೂ ದಾರಿಯಿದೆ. ಜಪಾನಿನ ಡಾ. ಕಾಂಜಿ ಇನೌಯೆ 1980ರ ದಶಕದಲ್ಲಿ ರೂಪಿಸಿದ ಬಲೂನ್ ಚಿಕಿತ್ಸೆಯಲ್ಲಿ ಎದೆ ಕೊಯ್ಯದೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಕವಾಟವನ್ನು ಅಗಲಿಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದರಲ್ಲಿ ಹೆಸರುವಾಸಿ. ಆದರೆ ಆಮೇಲೂ ಚುಚ್ಚುಮದ್ದು ತಪ್ಪುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಸಂಬಂಧ ಕೂಡಿಬರಲಾರದೆಂದು ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದುಂಟು. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚಿದಾಗ ಕಿರಿದಾದ ಕವಾಟ ಆ ಹೊರೆಯನ್ನು ತಾಳಲಾರದು. ಆರೇಳು ತಿಂಗಳಿನ ಹೊತ್ತಿಗೆ ಉಸಿರು ಕಟ್ಟುತ್ತದೆ. ಮದುವೆಗೆ ಮೊದಲೇ ಎಕೋ ಮಾಡಿಸಿ, ಬಸುರಿಗೆ ಮುಂಚೆ ಹೃದ್ರೋಗ ತಜ್ಞರನ್ನು ಕಾಣುವುದು ಒಳ್ಳೆಯದು. ಗರ್ಭಿಣಿಗೂ ಪೆನಿಸಿಲಿನ್ ಕೊಡಬಹುದು. ಆ ಒಂಬತ್ತು ತಿಂಗಳೂ ಚುಚ್ಚುಮದ್ದನ್ನು ನಿಲ್ಲಿಸಬೇಕಾಗಿಲ್ಲ.