ಹಳೇ ದೋಣಿ ಕೊಂಡ ಗಿರಿಜೆಗೆ

ಚಿ. ಗಿರಿಜೆಗೆ ಹರ್ತಿಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಥಂಡಿಗೆ ನಿನ್ನ ದೊಡ್ಡವ್ವನ ಮೊಣಕಾಲು ಸ್ವಲ್ಪ ಹಟ ಹಿಡಿದಿವೆ, ಅಷ್ಟೇ. ಹಿಂಗಾರಿ ಜೋಳ ತೆನೆಗೆ ಬಂದಿದೆ. ಹಕ್ಕಿ ಕಾಯಲು ಆಳು ಸಿಗದೆ ನಿಮ್ಮಪ್ಪ ತಾನೇ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುತ್ತಾನೆ.

ಮೊನ್ನೆ ಹೊಲದಿಂದ ಬಂದವನೇ ಮೊಬೈಲು ನನ್ನ ಕೈಗಿಟ್ಟು, "ಅಣ್ಣಾ, ನಿನ್ನ ಮಗಳು ಏನ್ ಮಾಡ್ಯಾಳ ನೋಡು. ನನಗ ಹೇಳಾಕ ಬರಂಗಿಲ್ಲ, ನೀನ ಹೇಳು" ಅಂದ. ನೋಡಿದೆ. ಪ್ಲಿಮತ್ತಿನ ಯಾವುದೋ ಯಾರ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತ ದೋಣಿ, ಅದರ ಮುಂದೆ ಕೈತುಂಬ ಮಸಿ ಬಳಿದುಕೊಂಡು ನಗುತ್ತಿರುವ ನೀನು. ಸುದ್ದಿ ಬಸವಣ್ಣನ ಗುಡಿಯ ಕಟ್ಟೆಗೆ ಮುಟ್ಟಲು ತಡವಾಗಲಿಲ್ಲ. ದೋಣಿ ತೇಲಿಸುವಂಥ ಹೊಳೆಯಿಲ್ಲದ ಊರಿನ ಹುಡುಗಿ ದೋಣಿ ಕೊಂಡಿದ್ದಾಳೆ ಅಂದರೆ ಸಣ್ಣ ಸುದ್ದಿಯೇ? ನಮ್ಮ ಮಂದಿಗೆ ಗೊತ್ತಿರುವುದು ಮುಂಡರಗಿಯ ಆಚೆ ತುಂಗಭದ್ರೆಯ ದಂಡೆಯಲ್ಲಿ ಕಾಣುವ ಹರಿಗೋಲು. ಒಬ್ಬ, "ಎಷ್ಟು ಎಚ್.ಪಿ. ಐತ್ರಿ?" ಎಂದು ಕೇಳಿದ. ಗಾಳಿಯ ಮೇಲೆ ಹೋಗುತ್ತದೆ ಅಂದೆ. "ಗಾಳಿ ನಿಂತ್ರ?" ಅಂದ. ಅದಕ್ಕೆ ನನ್ನ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ.

ಆದರೆ ನಮ್ಮ ಸೀಮೆಗೂ ಹಾಯಿಗೂ ಸಂಬಂಧವೇ ಇಲ್ಲ ಅನ್ನಬೇಡ. ಗದಗಿಗೆ ರೈಲು ಬರುವ ಮುನ್ನ ಈ ಎರೆ ಹೊಲಗಳ ಹತ್ತಿ ಚಕ್ಕಡಿ, ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದನ್ನು ಕುಮಟಾ ಹತ್ತಿ ಎಂದೇ ಮಾರುತ್ತಿದ್ದರು. ಆ ಚಕ್ಕಡಿಗಳಿಗೆ ಗಾಲಿ ಮಾಡಿದವರಲ್ಲಿ ನಮ್ಮ ಮುತ್ತಜ್ಜನೂ ಒಬ್ಬ ಎಂದು ನನ್ನ ಅಪ್ಪ ಹೇಳುತ್ತಿದ್ದ. ಬಡಿಗೇರರ ಮನೆತನ ನೋಡು, ಊರಿನ ಅರ್ಧ ಗಾಲಿಗಳನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವ ರೂಢಿ.

ಹತ್ತಿಗೂ ದೋಣಿಗೂ ಇರುವ ಇನ್ನೊಂದು ನಂಟು ನಾನು ಕಂಡದ್ದು ನೇವಿ ಸೇರಿದ ಮೇಲೆ. ಶಿಪ್‌ರೈಟ್ ಕೆಲಸ ಕಲಿಯಲೆಂದು ವಿಶಾಖಪಟ್ಟಣಕ್ಕೆ ಹೋದಾಗ ನನ್ನ ಕೈಯಲ್ಲಿ ಬಾಚಿ, ಉಳಿ ಹಿಡಿದು ಬೆಳೆದವನ ಗರ್ವ ಇತ್ತು. ಅಲ್ಲಿ ಮೊದಲು ಕೊಟ್ಟ ಕೆಲಸ ಹಳೆಯ ಮರದ ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬುವುದು. ಸಡಿಲವಾಗಿ ಹೊಸೆದ ಹತ್ತಿಯ ಎಳೆಯನ್ನು ಸಂದಿನ ಉದ್ದಕ್ಕೂ ಇಟ್ಟು, ಮೊಂಡು ಬಾಯಿಯ ಉಳಿಯಿಂದ, ಮರದ ಕೊಡತಿಯಿಂದ ಒಳಕ್ಕೆ ಹೊಡೆಯಬೇಕು. ಮೇಲೆ ಪುಟ್ಟಿ ಮೆತ್ತಬೇಕು. ಮೆಲ್ಲಗೆ ಹೊಡೆದರೆ ನೀರು ಬರುತ್ತದೆ. ಜೋರಾಗಿ ಹೊಡೆದರೆ, ದೋಣಿ ನೀರಿಗಿಳಿದು ಮರ ಉಬ್ಬಿದಾಗ ಹಲಗೆಯೇ ಜಾಗ ಬಿಡುತ್ತದೆ. ಸರಿಯಾಗಿ ಕೂತ ಹತ್ತಿಯ ಮೇಲೆ ಕೊಡತಿಯ ಸಪ್ಪಳವೇ ಬೇರೆ. ಅದನ್ನು ಕಿವಿಯಿಂದಲೇ ಕಲಿತೆವು.

ನಿನ್ನದು 1974ರ ಫೈಬರ್‌ಗ್ಲಾಸ್ ದೋಣಿ, ಹತ್ತಿಯ ಕೆಲಸ ಇಲ್ಲ. ಆದರೂ ಈ ಮಾತು ಎತ್ತಿದ್ದಕ್ಕೆ ಕಾರಣ ಇದೆ. ನಿನಗೆ ಹತ್ತಿರದ ಫಾಲ್ಮತ್ ಬಂದರಿನಿಂದ 1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್ಸ್ಟನ್ ಎಂಬಾತ ಒಬ್ಬನೇ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 312 ದಿನಗಳ ಮೇಲೆ ಅದೇ ಬಂದರಿಗೆ ಮರಳಿದ. ಹಾಗೆ ಸುತ್ತಿದವರಲ್ಲಿ ಆತನೇ ಮೊದಲಿಗ. ಅವನ ದೋಣಿ 'ಸುಹೈಲಿ' ನಮ್ಮ ಮುಂಬಯಿಯ ಕೊಲಾಬಾದಲ್ಲಿ ನಮ್ಮ ಬಡಿಗರು ಸಾಗವಾನಿಯಲ್ಲಿ ಕಟ್ಟಿದ್ದು. ಡಾಕ್‌ಯಾರ್ಡಿನಲ್ಲಿ ಹಿರಿಯರು ಆ ಹೆಸರು ಹೇಳುವಾಗ ಎದೆ ಉಬ್ಬಿಸುತ್ತಿದ್ದರು. ಹೊರಟ ಕೆಲವೇ ವಾರಗಳಲ್ಲಿ ಅದು ತಳದ ಸಂದಿನಲ್ಲಿ ಸೋರತೊಡಗಿತು. ಆತ ನಡುಸಮುದ್ರದಲ್ಲಿ ದೋಣಿಯಿಂದ ಇಳಿದು, ಮುಳುಗಿ, ಕ್ಯಾನ್ವಾಸ್ ಪಟ್ಟಿಗೆ ಹತ್ತಿ ಹೊಲಿದು ಅದನ್ನು ತಾಮ್ರದ ಮೊಳೆಗಳಿಂದ ಸಂದಿನ ಮೇಲೆ ಬಡಿದ. ಆಮೇಲೆ ಅದರ ಮೇಲೊಂದು ತಾಮ್ರದ ಪಟ್ಟಿಯನ್ನೂ ಹೊಡೆದ. ನಡುವೆ ಶಾರ್ಕ್ ಬಂದದ್ದು ಬೇರೆ ಕಥೆ. ಆ ದೋಣಿಯಲ್ಲಿ ಕೆಟ್ಟದ್ದು ಅದೊಂದೇ ಅಲ್ಲ, ದಾರಿಯುದ್ದಕ್ಕೂ ಏನಾದರೊಂದು ಮುರಿಯುತ್ತಲೇ ಇತ್ತು. ಅವನು ಆ ಹೊತ್ತಿಗೆ ಬೇಕಾದದ್ದನ್ನು ಮಾಡಿದ, ಉಳಿದದ್ದನ್ನು ಹಾಗೇ ಬಿಟ್ಟು ಮುಂದೆ ಸಾಗಿದ. ಪೂರ್ತಿ ಬಿಚ್ಚಿ ಕಟ್ಟುವ ಕೆಲಸಕ್ಕೆ ಕೈ ಹಾಕಿದ್ದು ದಶಕಗಳ ನಂತರ.

ಈಗ ನಿನ್ನ ನಾಲ್ಕನೆಯ ಫೋಟೋದ ಮಾತು. ಯವ್ವಾ, ಮೊದಲ ಮೂರು ನೋಡಿ ಖುಷಿಯಾಗಿತ್ತು, ನಾಲ್ಕನೆಯದು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಒಳಗಿನ ಮಲಗುವ ಹಲಗೆಗಳೆಲ್ಲ ಹೊರಗೆ, ಕಿಟಕಿಗಳು ಕಿತ್ತಿವೆ, ಪೈಪುಗಳು ಪ್ಲಾಸ್ಟಿಕ್ ಚೀಲದಲ್ಲಿ, ಬೋಲ್ಟುಗಳು ಬಿಸ್ಕತ್ತಿನ ಡಬ್ಬಿಯಲ್ಲಿ. ಎಂಜಿನ್ನನ್ನೂ ಎತ್ತಿಸುತ್ತೇನೆ ಎಂದು ಬರೆದಿದ್ದೀ. ಜೂನ್ ಹೊತ್ತಿಗೆ ಎಲ್ಲ ಹೊಸದಾಗುತ್ತದಂತೆ. ಯಾವ ವರ್ಷದ ಜೂನ್?

ನಿನ್ನ ಕಸುವಿನ ಮೇಲೆ ನನಗೆ ಅನುಮಾನವಿಲ್ಲ. ನಿನಗೆ ನೌಕರಿ ಇದೆ, ಶನಿವಾರ ಭಾನುವಾರ ಮಾತ್ರ ಬಿಡುವು, ಅದರಲ್ಲೂ ಅರ್ಧ ದಿನ ಮಳೆ. ಬಿಚ್ಚುವುದು ಬೇಗ ಆಗುತ್ತದೆ, ದಿನವೂ ಏನೋ ಮಾಡಿದೆ ಅನ್ನಿಸುತ್ತದೆ. ಕೂಡಿಸಲು ಹೋದಾಗ ಒಂದು ತಿರುಪು ಸಿಗುವುದಿಲ್ಲ, ಸಿಕ್ಕ ತಿರುಪು ಕೂಡುವುದಿಲ್ಲ, ಆ ಅಳತೆಯದು ಈಗ ಯಾರೂ ಮಾಡುವುದಿಲ್ಲ. ಬಂದರುಗಳಲ್ಲಿ ನಾನು ಕಂಡ ಹಳೇ ದೋಣಿಗಳಲ್ಲಿ ಮುಳುಗಿ ಹೋದವು ಕಡಿಮೆ. ದಂಡೆಯ ಮೇಲೆ, ತಾಡಪತ್ರಿಯ ಕೆಳಗೆ, ಅರ್ಧ ಬಿಚ್ಚಿದ ಹಾಗೆಯೇ ಹೋದವು ಬಹಳ.

ನಮ್ಮ ಮಾಳಿಗೆ ಮನೆಯ ಕಥೆ ನಿನಗೆ ಗೊತ್ತಿಲ್ಲ, ಆಗ ನೀನು ಹಾಸ್ಟೆಲಿನಲ್ಲಿದ್ದೆ. ಅಜ್ಜ ಇದ್ದಾಗ ಪ್ರತಿ ಬೇಸಿಗೆಯ ಕೊನೆಗೆ ಕರ್ಲ ಮಣ್ಣು ತರಿಸಿ ಮೇಲೆ ಹರಡಿಸಿ ತುಳಿಸುತ್ತಿದ್ದ. ಎಲ್ಲಿ ಸೋರಿತ್ತೋ ಅಲ್ಲಿ ಒಂದು ಬುಟ್ಟಿ ಹೆಚ್ಚು. ಯಾವುದಾದರೂ ಜಂತಿ ಹುಳ ತಿಂದಿದ್ದರೆ ಆ ವರ್ಷ ಅದೊಂದನ್ನೇ ಬದಲಿಸುತ್ತಿದ್ದ. ಮನೆ ನೂರು ವರ್ಷ ನಿಂತಿತು. ನಾನು ಪಿಂಚಣಿಯ ಗಂಟು ಕಟ್ಟಿಕೊಂಡು ಬಂದವನು, ನೇವಿಯ ಶಿಸ್ತು ಬೇರೆ, ಒಮ್ಮೆಲೇ ಸರಿ ಮಾಡಿಬಿಡೋಣ ಎಂದು ಇಡೀ ಮಾಳಿಗೆ ತೆಗೆಸಿದೆ. ಜಂತಿಗೆ ಕಟ್ಟಿಗೆ ಬರುವಷ್ಟರಲ್ಲಿ ಮಿರಗದ ಮಳೆ ಬಂತು. ಒಳಗಿನ ಮಣ್ಣಿನ ಗೋಡೆ ಎರಡು ಕುಸಿದವು. ಈಗ ಆ ಜಾಗದಲ್ಲಿ ಆರ್‌ಸಿಸಿ ಇದೆ, ಬೇಸಿಗೆಯಲ್ಲಿ ಒಳಗೆ ಕೂರಲು ಆಗುವುದಿಲ್ಲ. ನಿನ್ನ ದೊಡ್ಡವ್ವ ಇವತ್ತಿಗೂ ಪ್ರತಿ ಏಪ್ರಿಲಿನಲ್ಲಿ ಅದನ್ನು ನೆನಪಿಸುತ್ತಾಳೆ.

ಆದ್ದರಿಂದ ನನ್ನ ಮಾತು ಒಂದೇ: ಎಂಜಿನ್ ಮುಟ್ಟಬೇಡ, ಕಿತ್ತದ್ದನ್ನು ಮೊದಲು ಕೂಡಿಸು, ಈ ಬೇಸಿಗೆ ದೋಣಿಯನ್ನು ನೀರಿಗಿಳಿಸು. ಆಮೇಲೆ ಒಂದು ಚಳಿಗಾಲಕ್ಕೆ ಒಂದು ದೊಡ್ಡ ಕೆಲಸ. ನನ್ನ ಕೊನೆಯ ಪೋಸ್ಟಿಂಗ್ ಕಾರವಾರ ಆಗಿತ್ತಲ್ಲ, ಬೈತಕೋಲದ ಮೀನುಗಾರರನ್ನು ನೋಡುತ್ತಿದ್ದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಏನು ಬಿಚ್ಚಿದರೂ ಆಗಸ್ಟ್ 1ಕ್ಕೆ ಮತ್ತೆ ಕೂಡಿಸಿ ಸಮುದ್ರಕ್ಕಿಳಿಸಬೇಕು ಎಂಬ ಲೆಕ್ಕ ಇಟ್ಟೇ ಪಾನಾ ಹಿಡಿಯುತ್ತಾರೆ. ಅಷ್ಟರಲ್ಲಿ ಮುಗಿಯದ ಕೆಲಸ ಅವರಿಗೆ ಮುಂದಿನ ವರ್ಷದ ಕೆಲಸ. ನೀನೂ ಅಂಥದೊಂದು ತಾರೀಖು ಗೋಡೆಗೆ ಬರೆದಿಡು. ಇನ್ನೊಂದು ಲಾಭ ಇದೆ. ದಂಡೆಯ ಮೇಲೆ ನಿಂತ ದೋಣಿ ತನ್ನ ಊನ ಹೇಳುವುದಿಲ್ಲ. ಗಾಳಿಗೆ ವಾಲಿ ಎರಡು ತಾಸು ನಡೆದ ಮೇಲೆ ಯಾವ ಕಿಟಕಿ ಸೋರುತ್ತದೆ, ಯಾವ ಹಲಗೆ ಕಿರುಗುಟ್ಟುತ್ತದೆ ಎಲ್ಲ ಗೊತ್ತಾಗುತ್ತದೆ. ನೀನು ಬರೆದ ಉದ್ದನೆಯ ಪಟ್ಟಿಯಲ್ಲಿ ಅರ್ಧ ಕೆಲಸಗಳು ಆಗ ತಾವಾಗಿ ಅಳಿದು ಹೋಗುತ್ತವೆ, ನೀನು ಬರೆಯದೇ ಇದ್ದ ಮೂರು ಸೇರಿಕೊಳ್ಳುತ್ತವೆ.

ಹಾಗಂತ ಎಲ್ಲವನ್ನೂ ಮುಂದಕ್ಕೆ ಹಾಕಬೇಡ. ನೀರು ಒಳಗೆ ಬರುವ ಜಾಗ, ಕೂವೆಯನ್ನು ಹಿಡಿದು ನಿಲ್ಲಿಸುವ ಜಾಗ, ಇವೆರಡರಲ್ಲಿ ಸಾಲ ಇಟ್ಟುಕೊಳ್ಳಬಾರದು.

ತಳದಲ್ಲಿ ತೂತುಗಳಿವೆ, ಒಂದೊಂದಕ್ಕೂ ಸೀಕಾಕ್ ಎಂಬ ಕವಾಟ ಇದೆ. ಹಿಂದಿನ ಮಾಲೀಕರು ಅಗ್ಗದ ಹಿತ್ತಾಳೆಯವು ಹಾಕಿದ್ದರೆ ಉಪ್ಪುನೀರು ಅದರೊಳಗಿನ ಸತುವನ್ನು ತಿಂದಿರುತ್ತದೆ. ಚಾಕುವಿನಿಂದ ಸ್ವಲ್ಪ ಕೆರೆದು ನೋಡು. ಹಳದಿ ಹೊಳಪು ಬಂದರೆ ಸದ್ಯ ಇರಲಿ, ನಸುಗೆಂಪು ಬಣ್ಣ ಬಂದು ಪುಡಿಪುಡಿ ಆಗುವಂತಿದ್ದರೆ ಅದೇ ದಿನ ತೆಗೆದು ಕಂಚಿನದು ಹಾಕಿಸು. ಪ್ರತಿಯೊಂದರ ಪಕ್ಕದಲ್ಲೂ ಆ ತೂತಿನ ಅಳತೆಗೆ ಕೆತ್ತಿದ ಮೆದು ಮರದ ಬೆಣೆಯೊಂದನ್ನು ದಾರದಿಂದ ಕಟ್ಟಿಡು. ಕವಾಟ ಮುರಿದ ದಿನ ಅದು ಕೈಗೆ ಸಿಗಬೇಕು, ಪೆಟ್ಟಿಗೆಯಲ್ಲಿ ಹುಡುಕುತ್ತ ಕೂರುವಂತೆ ಇರಬಾರದು.

ಕೂವೆಯ ತಂತಿಗಳನ್ನು ಬರಿಗೈಯಿಂದ ಸವರಬೇಡ, ಹಳೇ ಹತ್ತಿ ಬಟ್ಟೆಯಿಂದ ಸವರು. ತಂತಿ ತುದಿಯ ಉಕ್ಕಿನ ಕೊಳವೆಯೊಳಗೆ ಸೇರುವ ಜಾಗದಲ್ಲಿ ನಿಧಾನ ಮಾಡು. ಬಟ್ಟೆ ಸಿಕ್ಕಿಕೊಂಡರೆ ಎಳೆ ಮುರಿದಿದೆ ಎಂದರ್ಥ. 19 ಎಳೆಗಳಲ್ಲಿ ಒಂದೇ ಮುರಿದಿರಲಿ, ಆ ತಂತಿಯ ಆಯುಷ್ಯ ಮುಗಿಯಿತು. ಹತ್ತು ಹದಿನೈದು ವರ್ಷ ದಾಟಿದ ತಂತಿಯನ್ನು ಕಣ್ಣಿಗೆ ಚೆನ್ನಾಗಿ ಕಂಡರೂ ನಂಬಬೇಡ. ತಂತಿಗೆ ಆಧಾರವಾಗಿ ಡೆಕ್ಕಿನೊಳಗೆ ಇಳಿಯುವ ಸ್ಟೇನ್‌ಲೆಸ್ ಪಟ್ಟಿಗಳನ್ನಂತೂ ಹೊರಗೆ ಎಳೆದೇ ನೋಡು. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಗಾಳಿಯಾಡುವ ಕಡೆ ಮಾತ್ರ. ಗಾಳಿ ಸಿಗದೆ ಒದ್ದೆಯಾಗಿಯೇ ಇರುವ ಸಂದಿನಲ್ಲಿ ಅದು ಒಳಗೊಳಗೇ ಬಿರುಕು ಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನಿನಗೆ ನೆನಪಿದೆಯಲ್ಲ? ತುಂಡಾದದ್ದು ಗೇಟನ್ನು ಹಿಡಿದಿದ್ದ ಚೈನು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವುದನ್ನು ನಾವೆಲ್ಲ ಟಿವಿಯ ಮುಂದೆ ಉಸಿರು ಹಿಡಿದು ನೋಡಿದೆವು. ನಡುಸಮುದ್ರದಲ್ಲಿ ನಿನಗೆ ಅಂಥ ಕ್ರೇನು ಸಿಗುವುದಿಲ್ಲ.

ಉಳಿದದ್ದು ತಡವಾದರೆ ನಡೆಯುತ್ತದೆ. ತಳದ ಮೇಲಿನ ಗುಳ್ಳೆಗಳನ್ನು ಕಂಡು ನೀನು ಬಹಳ ಹೆದರಿದ ಹಾಗಿದೆ. ಆ ಕಾಲದ ಫೈಬರ್ ದೋಣಿಗಳಿಗೆ ಅದು ಇದ್ದದ್ದೇ. ಗುಳ್ಳೆಯಿಂದ ಮುಳುಗಿದ ದೋಣಿಯನ್ನು ನಾನಂತೂ ಕಂಡಿಲ್ಲ, ಮಾಲೀಕನ ರೊಕ್ಕ ಮುಳುಗಿದ್ದು ಕಂಡಿದ್ದೇನೆ. ಡೆಕ್ಕನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತ ಹೋಗು. ಟಣ್ ಅಂದರೆ ಗಟ್ಟಿ. ಸಪ್ಪಗೆ ಧಪ್ ಅಂದರೆ ಒಳಗಿನ ಬಾಲ್ಸಾ ಮರಕ್ಕೆ ನೀರು ಇಳಿದಿದೆ. ಆ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಫೋಟೋ ತೆಗೆದಿಟ್ಟುಕೋ, ನೀರು ಇಳಿಯುವ ಬೋಲ್ಟನ್ನು ಈ ವರ್ಷ ಬಂದೋಬಸ್ತು ಮಾಡು, ಕೊರೆದು ತೆಗೆಯುವ ಕೆಲಸ ಮುಂದಿನ ಚಳಿಗಾಲಕ್ಕಿರಲಿ. ಹಾಯಿಯ ಬಟ್ಟೆಗಿಂತ ಮೊದಲು ಬಿಸಿಲಿಗೆ ಸಾಯುವುದು ಹೊಲಿಗೆಯ ದಾರ. ಹೊಲಿಗೆಯನ್ನು ಉಗುರಿನಿಂದ ಕೆದಕಿದಾಗ ದಾರ ಕಡಿದು ಬಂದರೆ ಮತ್ತೊಂದು ಸಾಲು ಹೊಲಿಸಿದರೆ ಸಾಕು. ಬಣ್ಣದ ಆಸೆ ನಿನಗೆ ಚಿಕ್ಕಂದಿನಿಂದ ಇದೆ, ಗೊತ್ತು. ತಳಕ್ಕೆ ಪಾಚಿ ಹಿಡಿಯದ ಬಣ್ಣ ಬಳಿ, ಅದು ಬೇಕೇ ಬೇಕು. ಮೇಲಿನ ಅಂದದ ನೀಲಿ ಬಣ್ಣ ಎಲ್ಲಕ್ಕಿಂತ ಕೊನೆಗೆ.

ಒಂದು ಮಾತು ಮರೆತಿದ್ದೆ. ಒಳಗೆ ಅಡುಗೆಗೆ ಗ್ಯಾಸ್ ಇದೆ ಎಂದಿದ್ದೀ. ಆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಹೋಗಿ ಕೂರುತ್ತದೆ. ಮನೆಯಾದರೆ ಬಾಗಿಲು ತೆಗೆದರೆ ಹೊರಗೆ ಹೋದೀತು, ದೋಣಿಯ ತಳಕ್ಕೆ ಬಾಗಿಲಿಲ್ಲ. ಹಳೆಯ ರಬ್ಬರ್ ನಳಿಗೆ ಇದ್ದರೆ ಇವತ್ತೇ ಬದಲಿಸು, ಚಹಾ ಆದ ಮೇಲೆ ಸಿಲಿಂಡರ್ ಬಾಯಿಯಲ್ಲೇ ಬಂದ್ ಮಾಡು. ಇದನ್ನು ಓದಿ ನಗಬೇಡ. ನಿಮ್ಮವ್ವನಿಗೆ ಈ ಸಾಲು ತೋರಿಸಬೇಡ.

ನೀರಿಗಿಳಿಸುವ ದಿನ ಕ್ರೇನಿನ ಪಟ್ಟಿಯಲ್ಲಿ ದೋಣಿ ತೇಲಿದ ಕೂಡಲೇ ಅವರು ಪಟ್ಟಿ ಬಿಚ್ಚಲು ಅವಸರ ಮಾಡುತ್ತಾರೆ. ಮಾಡಲಿ. ನೀನು ಬ್ಯಾಟರಿ ಹಿಡಿದು ಒಳಗೆ ಇಳಿ, ಒಂದೊಂದು ಸೀಕಾಕಿನ ಬುಡಕ್ಕೂ ಒಣ ಕಾಗದ ಒತ್ತಿ ನೋಡು, ಒದ್ದೆ ಇಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಹೊರಗೆ ಬಂದು ಪಟ್ಟಿ ಬಿಡಲು ಹೇಳು. ಆಮೇಲೆ ನನಗೆ ಫೋನ್ ಮಾಡು, ಇಲ್ಲಿ ಎಷ್ಟು ರಾತ್ರಿಯಾಗಿದ್ದರೂ ಚಿಂತೆಯಿಲ್ಲ.

ಇಂತಿ ನಿನ್ನ,
ದೊಡ್ಡಪ್ಪ