ಹಸುರುಮನೆಯಲ್ಲಿ ಧಾನ್ಯದ ಬೆಳೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು 500 ಮಿಲಿಮೀಟರಿನ ಆಸುಪಾಸಿನದು. ಅದೂ ಹೊತ್ತಿಗೆ ಸರಿಯಾಗಿ ಬರತಕ್ಕದ್ದಲ್ಲ. ಆದುದರಿಂದ ರಾಗಿ, ಸಜ್ಜೆ, ನವಣೆಗಳನ್ನು ಬಯಲಿಗೆ ಬದಲಾಗಿ ಹಸುರುಮನೆಯೊಳಗೆ ಏಕೆ ಬೆಳೆಯಬಾರದೆಂಬ ಆಲೋಚನೆಯು ಹಿಡುವಳಿದಾರರಿಗೆ ಹುಟ್ಟುವುದು ಸಹಜವೇ. ಸಾಲವೆತ್ತುವುದಕ್ಕೆ ಮುಂಚೆ ಲೆಕ್ಕವನ್ನು ನೋಡತಕ್ಕದ್ದು.

ಕೇಂದ್ರ ಸರ್ಕಾರದ ತೋಟಗಾರಿಕೆ ಮಿಷನ್ನಿನ 2014ರ ದರದಂತೆ, 4000 ಚದರ ಮೀಟರಿನ, ಅಂದರೆ ಸುಮಾರು ಒಂದು ಎಕರೆಯ ಹಸುರುಮನೆಗೆ ಚದರ ಮೀಟರಿಗೆ 844 ರೂಪಾಯಿಯ ಮೇರೆಗೆ 33 ಲಕ್ಷ 76 ಸಾವಿರ ರೂಪಾಯಿ ಆಗುತ್ತಿತ್ತು. ಅರ್ಧದಷ್ಟು ಸಹಾಯಧನ ಉಂಟು. ಆದರೆ ಅದು ತರಕಾರಿ, ಹೂವು ಮುಂತಾದವುಗಳಿಗೆಂದು ಇಟ್ಟದ್ದು, ಧಾನ್ಯಕ್ಕಲ್ಲ. ದೊರೆಯಿತೆಂದೇ ಇಟ್ಟುಕೊಂಡರೂ ರೈತನ ಪಾಲಿಗೆ ಸುಮಾರು 17 ಲಕ್ಷ ಉಳಿಯುವುದು. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿ. ಎಕರೆಗೆ 15 ಕ್ವಿಂಟಾಲಿನಂತೆ ವರ್ಷಕ್ಕೆ ಎರಡು ಬೆಳೆ ತೆಗೆದರೆ 1,28,700 ರೂಪಾಯಿ. ನೂರಕ್ಕೆ ಎಂಟರಂತೆ ಹಿಡಿದರೆ ಇದು ಬಡ್ಡಿಗೇ ಸಾಲದು. ಗೊಬ್ಬರ, ಕೂಲಿ, ಹರಿದ ಹೊದಿಕೆಯ ಖರ್ಚು ಬೇರೆ.

ಹಣವಿದ್ದವರಿಗೂ ತೊಡಕುಂಟು. ಸಜ್ಜೆಯ ತೆನೆಯಲ್ಲಿ ಹೆಣ್ಣುಭಾಗವು ಮೊದಲು ಹೊರಟು, ಪರಾಗಕೋಶಗಳು ಕೆಲವು ದಿವಸ ತಡೆದು ಹೊರಡುವುವು. ಬೇರೆ ಗಿಡದ ಪರಾಗವನ್ನು ಗಾಳಿಯೇ ತಂದುಕೊಡಬೇಕು. ಗಾಳಿಯನ್ನು ತಡೆದ ಮನೆಯೊಳಗೆ ತೆನೆ ನೀಳವಾಗಿ ಕಂಡರೂ ಕಾಳು ಜೊಳ್ಳಾಗಬಹುದು. ರಾಗಿ, ನವಣೆಗಳು ಸ್ವಂತ ಪರಾಗದಿಂದಲೇ ಕಾಳು ಕಟ್ಟುವ ಜಾತಿಯಾದುದರಿಂದ ಅವಕ್ಕೆ ಈ ಬಾಧೆಯಿಲ್ಲ. ಆದರೆ ಬೇಸಗೆಯಲ್ಲಿ ಹೊದಿಕೆಯ ಕೆಳಗಿನ ಕಾವು ಯಾವ ಹೂವಿಗೂ ಹಿತವಲ್ಲ.

ಇನ್ನು ನೀರು. ಹಸುರುಮನೆಯು ಪೈರಿನ ನೀರಿನ ವೆಚ್ಚವನ್ನು ತಗ್ಗಿಸುವುದು ನಿಜ. ಆದರೆ ನೀರನ್ನು ಹುಟ್ಟಿಸದು. ಪುಕ್ಕಟೆಯಾಗಿ ಬಿದ್ದ ಮಳೆಯು ಹೊರಗೆ ಹರಿದು, ಒಳಗಿನ ಪೈರಿಗೆ ಕೊಳವೆಬಾವಿಯಿಂದ ಎತ್ತಬೇಕಾಗುವುದು. ಚಾವಣಿಯ ನೀರನ್ನು ಹೊಂಡಕ್ಕಿಳಿಸಿದರೆ 500 ಮಿಲಿಮೀಟರ್ ಮಳೆಗೆ ಎಕರೆಗೆ ಸುಮಾರು 20 ಲಕ್ಷ ಲೀಟರ್ ಎಂಬುದು ದೊಡ್ಡ ಮೊತ್ತವೇ. ಹೊಂಡವನ್ನಾದರೋ ಮನೆ ಕಟ್ಟದೆಯೂ ತೋಡಬಹುದಷ್ಟೆ.

ದೊಣ್ಣೆಮೆಣಸಿನಕಾಯಿಗೆ, ತರಕಾರಿ ಸಸಿಗಳಿಗೆ ಹಸುರುಮನೆಯು ತಕ್ಕದ್ದು. ಧಾನ್ಯದಲ್ಲಿ ಅದರ ಉಪಯೋಗವು ತಳಿ ತಯಾರಿಸುವವರಿಗೆ: ಬೆಳಕನ್ನು ಹೆಚ್ಚು ಹೊತ್ತು ಕೊಟ್ಟು ಗೋಧಿಯನ್ನು ವರ್ಷಕ್ಕೆ ಆರು ತಲೆಮಾರಿನವರೆಗೆ ಬೆಳೆಯಬಹುದೆಂದು ಆಸ್ಟ್ರೇಲಿಯದ ಶೋಧಕರು 2018ರಲ್ಲಿ ಪ್ರಕಟಿಸಿದರು.

ಬಯಲಿನಲ್ಲಿ ಬೆಳೆಯುವವರು ಇಳಿಜಾರಿಗೆ ಅಡ್ಡಲಾಗಿ ಉತ್ತು, ಬದುಗಳನ್ನು ಭದ್ರಪಡಿಸಿ, ಮುಂಗಾರು ತಡೆದ ವರ್ಷ ಮೂರು ತಿಂಗಳೊಳಗೆ ಕೊಯ್ಲಿಗೆ ಬರುವ ನವಣೆಯನ್ನು ಬಿತ್ತಬಹುದು. ಹೊಂಡದ ನೀರನ್ನು ತೆನೆ ಹೊರಡುವ ಕಾಲಕ್ಕೆ ಒಂದು ಸಲವಾದರೂ ಹಾಯಿಸಲು ಉಳಿಸಿಕೊಳ್ಳತಕ್ಕದ್ದು.